ಅವಧಿ ಮುಗಿದ ಹೆಸರಿನ ಬೆನ್ನು ಹತ್ತಿ

ಡೊಮೇನ್ ಹೆಸರಿನ, ಅಂದರೆ ವೆಬ್‌ಸೈಟಿನ ವಿಳಾಸದ, ಅವಧಿ ಮುಗಿದ ಮರುದಿನವೇ ಅದನ್ನು ಯಾರು ಬೇಕಾದರೂ ಕೊಳ್ಳಬಹುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೆ ಆಗುವುದಿಲ್ಲ. ಡಾಟ್ ಕಾಮ್ ಹೆಸರೊಂದು ಹಳೆಯ ಮಾಲೀಕರ ಕೈತಪ್ಪಿ ನಿಜವಾಗಿ ಬಿಡುಗಡೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಎರಡರಿಂದ ಎರಡೂವರೆ ತಿಂಗಳು ಕಳೆದಿರುತ್ತದೆ. ಆ ಅವಧಿಯಲ್ಲಿ ಅದರ ಮೇಲೆ ಹಕ್ಕು ಯಾರಿಗೆ, ಎಷ್ಟು ದಿನ, ಎಷ್ಟು ದುಡ್ಡಿಗೆ ಅನ್ನುವುದು ಹಂತ ಹಂತವಾಗಿ ಬದಲಾಗುತ್ತದೆ. ಈ ಹಂತಗಳು ಗೊತ್ತಿಲ್ಲದಿದ್ದರೆ ಸುಮ್ಮನೆ ಕಾಯುತ್ತಾ ಕೂರುತ್ತೀರಿ, ಇಲ್ಲವೇ ಆತುರಕ್ಕೆ ಬಿದ್ದು ಹತ್ತು ಪಟ್ಟು ತೆರುತ್ತೀರಿ. ನಾವು ಒಂದು ಹೆಸರಿನ ಬೆನ್ನು ಹತ್ತಿ ಈ ದಾರಿಯನ್ನು ಪೂರ್ತಿ ನಡೆದೆವು.

ನಮ್ಮದು ತೀರ್ಥಹಳ್ಳಿ ಕಡೆಯ ನಾಟಿ ಬೀಜದ ಗುಂಪು. ಗಂಧಸಾಲೆ, ರಾಜಮುಡಿಯಂಥ ಭತ್ತದ ಬೀಜ, ಹಳೇ ತಳಿಯ ಬದನೆ, ಸೌತೆ, ಅವರೆ ಉಳಿಸಿಕೊಂಡು ಹಂಚುತ್ತೇವೆ. ಇಷ್ಟು ವರ್ಷ ಎಲ್ಲ ವಾಟ್ಸಾಪಿನಲ್ಲೇ ನಡೆಯುತ್ತಿತ್ತು. ಯಾರ ಮನೆಯಲ್ಲಿ ಯಾವ ಬೀಜ ಇದೆ ಅನ್ನುವ ಪಟ್ಟಿ ಬೆಳೆದೂ ಬೆಳೆದೂ ಹುಡುಕುವುದೇ ಕಷ್ಟವಾದಾಗ ಒಂದು ವೆಬ್‌ಸೈಟ್ ಬೇಕು ಅಂತಾಯಿತು. ಗುಂಪಿನಲ್ಲಿ ಕಂಪ್ಯೂಟರ್ ಕೆಲಸ ಗೊತ್ತಿರುವವನು ನಾನೊಬ್ಬನೇ. ಹೆಸರು ಆರಿಸುವ ಅಧಿಕಾರ ಮಾತ್ರ ನಮ್ಮ ಹಿರಿಯರದು. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಒಂದು ಹೆಸರು ಮನಸ್ಸಿಗೆ ಹಿಡಿಸಿದರೆ ಬಿಡುವವರಲ್ಲ.

ಮೇಷ್ಟ್ರಿಗೆ ಮೊದಲು ಹಿಡಿಸಿದ ಹೆಸರು ಮಾರಾಟಕ್ಕೂ ಇತ್ತು, ಬೆಲೆಯೂ ಕೈಗೆಟುಕುವಂತಿತ್ತು. ಅಷ್ಟು ಸುಲಭವಾಗಿ ಸಿಗುವ ಒಳ್ಳೆಯ ಹೆಸರನ್ನು ನಾನು ನಂಬುವುದಿಲ್ಲ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದರ ಹಳೆಯ ಪುಟಗಳನ್ನು ತೆಗೆದು ನೋಡಿದೆ. ಮೊದಲ ಕೆಲವು ವರ್ಷ ಯಾವುದೋ ಶಾಲೆಯ ಪುಟ, ಆಮೇಲೆ ಖಾಲಿ, ಆಮೇಲೆ ಯಾವುದೋ ಪರಭಾಷೆಯಲ್ಲಿ ಆನ್‌ಲೈನ್ ಜೂಜಿನ ಜಾಹೀರಾತು. ಹಳೆಯ ಹೆಸರಿಗೆ ಗೂಗಲ್‌ನಲ್ಲಿ ಇರುವ ಮರ್ಯಾದೆಯನ್ನು ಬಳಸಿಕೊಂಡು ಕಸ ತುಂಬುವ ದಂಧೆ ಇದು. ಇದರ ಕಾಟ ಎಷ್ಟು ಹೆಚ್ಚಾಯಿತು ಅಂದರೆ 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಅವಧಿ ಮುಗಿದ ಡೊಮೇನ್‌ಗಳ ದುರ್ಬಳಕೆಯನ್ನೇ ಪ್ರತ್ಯೇಕ ಅಪರಾಧವಾಗಿ ಸೇರಿಸಿತು. ಅಂಥ ಹೆಸರನ್ನು ಕೊಂಡರೆ ಅದರ ಕೆಟ್ಟ ಹೆಸರೂ ನಮ್ಮದೇ. ಮೇಲ್ ಕಳಿಸಿದರೆ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತದೆ, ಹುಡುಕಿದರೆ ಪುಟ ಸಿಗುವುದಿಲ್ಲ. ಅದನ್ನು ಕೈಬಿಟ್ಟೆವು.

ಎರಡನೆಯ ಹೆಸರು ಎರಡು ಚಿಕ್ಕ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿದ್ದು. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಕಾರಣ ಕೊನೆಗೆ ಗೊತ್ತಾಗುತ್ತದೆ. ಆ ವಿಳಾಸಕ್ಕೆ ಹೋದರೆ ಸೈಟ್ ಇರಲಿಲ್ಲ. ಹೆಸರು ಮಾರುವ ರಿಜಿಸ್ಟ್ರಾರ್ ಕಂಪನಿ ಹಾಕಿದ ಜಾಹೀರಾತಿನ ಪುಟ ಬಂತು, ಮೇಲೆ ಸಣ್ಣಕ್ಷರದಲ್ಲಿ ‘ಈ ಡೊಮೇನಿನ ಅವಧಿ ಮುಗಿದಿದೆ’ ಅಂತ. ವೇಬ್ಯಾಕ್‌ನಲ್ಲಿ ನೋಡಿದರೆ ಅಲ್ಲೊಂದು ಚೆಂದದ ಸೈಟ್ ಇದ್ದದ್ದು ಕಂಡಿತು. ಮಲೆನಾಡಿನ ಅಡುಗೆ: ಕೆಸುವಿನ ಪತ್ರೊಡೆ, ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ. ಒಬ್ಬರೇ ಬರೆದದ್ದು ಅಂತ ಭಾಷೆಯಲ್ಲೇ ಗೊತ್ತಾಗುತ್ತಿತ್ತು. ಕೊನೆಯ ಬರಹ ಬಂದು ವರ್ಷಗಳೇ ಆಗಿದ್ದವು.

ಒಂದು ಡೊಮೇನ್ ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯಲು ಮೊದಲು ‘ಹೂಈಸ್’ ಅನ್ನುವ ದಾಖಲೆ ನೋಡುತ್ತಿದ್ದೆವು. 2025ರ ಜನವರಿ 28ರಿಂದ ಡಾಟ್ ಕಾಮ್‌ನಂಥ ಸಾಮಾನ್ಯ ಡೊಮೇನ್‌ಗಳ ಮಟ್ಟಿಗೆ ಅದರ ಜಾಗಕ್ಕೆ ಆರ್‌ಡಿಎಪಿ ಅನ್ನುವ ಹೊಸ ವ್ಯವಸ್ಥೆ ಬಂದಿದೆ. ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಸಂಸ್ಥೆ ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿದರೆ ವಿವರ ಸಿಗುತ್ತದೆ. ಜಮೀನು ಕೊಳ್ಳುವ ಮುಂಚೆ ಪಹಣಿ ತೆಗೆಸಿ ನೋಡುವ ಹಾಗೆ, ಡೊಮೇನ್ ವ್ಯವಹಾರಕ್ಕೆ ಇಳಿಯುವ ಮುಂಚೆ ಇದನ್ನು ನೋಡಲೇಬೇಕು. ಆದರೆ ಮಾಲೀಕರ ಹೆಸರು ಇದರಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. 2018ರ ಮೇ ತಿಂಗಳಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಹೆಸರು, ಫೋನು, ವಿಳಾಸ ಸಾಮಾನ್ಯವಾಗಿ ಮುಚ್ಚಿಹೋಗಿವೆ. ರಿಜಿಸ್ಟ್ರಾರ್ ಯಾರು, ಯಾವ ದಿನ ನೋಂದಣಿಯಾಯಿತು, ಯಾವ ದಿನ ಮುಗಿಯುತ್ತದೆ, ಈಗಿನ ಸ್ಥಿತಿ ಏನು, ಮುಖ್ಯವಾಗಿ ಇಷ್ಟೇ ಕಾಣುವುದು.

ಅದನ್ನು ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದವರೇ, “ಅಲ್ಲಪ್ಪಾ, ಮುಗಿಯುವ ದಿನಾಂಕ ಮುಂದಿನ ವರ್ಷದ್ದು ತೋರಿಸ್ತಾ ಇದೆ. ಅವರು ದುಡ್ಡು ಕಟ್ಟಿಬಿಟ್ಟಿದ್ದಾರೆ, ಬಿಡು” ಅಂದರು.

ಇಲ್ಲಿ ಎಂಥವರಿಗೂ ಗೊಂದಲವಾಗುತ್ತದೆ. ಡಾಟ್ ಕಾಮ್‌ನ ಮೂಲ ದಫ್ತರ ಇಟ್ಟುಕೊಂಡಿರುವುದು ವೆರಿಸೈನ್ ಕಂಪನಿ. ಅದು ರಿಜಿಸ್ಟ್ರಿ. ನಾವು ದುಡ್ಡು ಕಟ್ಟುವ ಅಂಗಡಿ ರಿಜಿಸ್ಟ್ರಾರ್. ಅವಧಿ ಮುಗಿದ ದಿನ ರಿಜಿಸ್ಟ್ರಿ ಯಾರನ್ನೂ ಕೇಳದೆ ತಾನಾಗಿ ಒಂದು ವರ್ಷ ಮುಂದಕ್ಕೆ ಹಾಕಿ, ರಿಜಿಸ್ಟ್ರಾರ್ ಖಾತೆಯಿಂದ ಹಣ ಹಿಡಿದುಕೊಳ್ಳುತ್ತದೆ. ಮಾಲೀಕರು ನವೀಕರಿಸದಿದ್ದರೆ ರಿಜಿಸ್ಟ್ರಾರ್ 45 ದಿನದೊಳಗೆ ಹೆಸರನ್ನು ಅಳಿಸಿ ತನ್ನ ಹಣ ವಾಪಸ್ ಪಡೆಯಬಹುದು. ಹಾಗಾಗಿ ದಿನಾಂಕ ನೋಡಿದರೆ ಏನೂ ತಿಳಿಯುವುದಿಲ್ಲ, ಅದರ ಕೆಳಗಿರುವ ಸ್ಥಿತಿಯ ಸಾಲನ್ನು ಓದಬೇಕು. ನಮ್ಮದರಲ್ಲಿ ‘ಆಟೋ ರಿನ್ಯೂ ಪೀರಿಯಡ್’ ಅಂತಿತ್ತು. ಅಂದರೆ ರಿಜಿಸ್ಟ್ರಿ ತಾನಾಗಿ ಮುಂದಕ್ಕೆ ಹಾಕಿದ ಮೇಲಿನ ಹಂತ. ಅವಧಿ ಮುಗಿದಿದೆ ಅನ್ನುವ ಪುಟವೂ ಇದ್ದದ್ದರಿಂದ ಮಾಲೀಕರು ಇನ್ನೂ ದುಡ್ಡು ಕಟ್ಟಿಲ್ಲ ಅಂತ ತಿಳಿಯಿತು, ಕಟ್ಟಿದರೆ ಹೆಸರು ಮಾಮೂಲಿ ಬೆಲೆಗೇ ಅವರಿಗೆ ಉಳಿಯುತ್ತದೆ. ಎಷ್ಟು ದಿನ ಮಾಮೂಲಿ ಬೆಲೆ ಅನ್ನುವುದನ್ನು ಆಯಾ ರಿಜಿಸ್ಟ್ರಾರ್ ನಿರ್ಧರಿಸುತ್ತದೆ, 45 ದಿನ ಹೊರಗಿನ ಗಡಿ ಅಷ್ಟೆ.

ಮರೆತ ಮಾಲೀಕರನ್ನು ಎಚ್ಚರಿಸಲು ಐಕ್ಯಾನ್ ನಿಯಮವನ್ನೇ ಮಾಡಿದೆ. ಅವಧಿ ಮುಗಿಯುವುದಕ್ಕೆ ಸುಮಾರು ಒಂದು ತಿಂಗಳ ಮುಂಚೆ ಒಂದು, ಒಂದು ವಾರದ ಮುಂಚೆ ಇನ್ನೊಂದು, ಮುಗಿದ ಐದು ದಿನದೊಳಗೆ ಮತ್ತೊಂದು ಹೀಗೆ ರಿಜಿಸ್ಟ್ರಾರ್ ಮೂರು ಸೂಚನೆ ಕಳಿಸಲೇಬೇಕು. ಆಮೇಲೂ ಕದಲದಿದ್ದರೆ ಸೈಟನ್ನೇ ನಿಲ್ಲಿಸುತ್ತಾರೆ. ಸೈಟ್ ನಿಂತಾಗಲಾದರೂ ಗಮನಕ್ಕೆ ಬರಲಿ ಅಂತ. ಆದರೆ ಸೂಚನೆ ಹೋಗುವುದು ಮೇಲ್‌ಗೆ. ಆ ಮೇಲ್ ವಿಳಾಸ ಅದೇ ಡೊಮೇನಿನದ್ದಾಗಿದ್ದರೆ? ಸೈಟ್ ನಿಂತ ಕೂಡಲೇ ಮೇಲ್ ಕೂಡ ನಿಲ್ಲುತ್ತದೆ, ಕೊನೆಯ ಎಚ್ಚರಿಕೆ ಎಲ್ಲಿಗೂ ಮುಟ್ಟುವುದಿಲ್ಲ. ಅಡುಗೆ ಸೈಟಿನ ಹಳೆಯ ಪುಟದಲ್ಲಿದ್ದ ಸಂಪರ್ಕದ ವಿಳಾಸ ಅಂಥದ್ದೇ. ‘ನಿಮ್ಮ ಹೆಸರಿನ ಅವಧಿ ಮುಗಿದಿದೆ, ನಿಮಗೆ ಬೇಡವಾದರೆ ನಾವು ತೆಗೆದುಕೊಳ್ಳಬಹುದಾ’ ಅಂತ ನಾನು ಬರೆದ ಪತ್ರ ಮರಳಿ ಬಂತು. ರಿಜಿಸ್ಟ್ರಾರ್ ಮೂಲಕ ಮಾಲೀಕರಿಗೆ ಸಂದೇಶ ಕಳಿಸುವ ಫಾರ್ಮ್ ಇರುತ್ತದೆ, ಅದನ್ನೂ ತುಂಬಿದೆ. ಉತ್ತರವಿಲ್ಲ.

ದೊಡ್ಡವರೇ ಮರೆಯುತ್ತಾರೆ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ ದುಡ್ಡು ಕಟ್ಟದೆ ಬಿಟ್ಟು, ಕ್ರಿಸ್‌ಮಸ್ ಹೊತ್ತಿಗೆ ಹಾಟ್‌ಮೇಲ್ ಲಾಗಿನ್ನೇ ಎಡವಿತ್ತು. ಮೈಕೆಲ್ ಚೇನಿ ಅನ್ನುವ ಲಿನಕ್ಸ್ ಪ್ರೋಗ್ರಾಮರ್ ಕಾರಣ ಪತ್ತೆಹಚ್ಚಿ, ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಸರಿಮಾಡಿದ. 2003ರಲ್ಲಿ ಹಾಟ್‌ಮೇಲ್ ಡಾಟ್ ಸಿಒ ಡಾಟ್ ಯುಕೆ ಹೆಸರಿನದ್ದೂ ಅದೇ ಕಥೆಯಾಯಿತು.

ಅವಧಿ ಮುಗಿದು ಮೂರು ನಾಲ್ಕು ವಾರವಾದಾಗ ನಮ್ಮ ಹೆಸರು ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ದೊಡ್ಡ ರಿಜಿಸ್ಟ್ರಾರ್‌ಗಳು ಹೆಸರನ್ನು ಕೆಳಗೆ ಬೀಳಲು, ಅಂದರೆ ಅಳಿಸಿಹೋಗಿ ಎಲ್ಲರಿಗೂ ಖಾಲಿಯಾಗಲು, ಬಿಡುವುದೇ ಅಪರೂಪ. ಹಳೆಯ ಮಾಲೀಕರು ಬರಲಿಲ್ಲ ಅಂದರೆ ತಮ್ಮದೇ ಮಾರುಕಟ್ಟೆಯಲ್ಲೋ ಪಾಲುದಾರರ ಮಾರುಕಟ್ಟೆಯಲ್ಲೋ ಹರಾಜಿಗಿಡುತ್ತಾರೆ. ಗೆದ್ದವರ ಹೆಸರಿಗೆ ಡೊಮೇನ್ ವರ್ಗವಾಗುತ್ತದೆ, ಅಳಿಸಿ ಮತ್ತೆ ನೋಂದಾಯಿಸುವ ಪ್ರಶ್ನೆಯೇ ಬರುವುದಿಲ್ಲ. ಹೀಗೆ ಕೊಂಡರೆ ಹೆಸರಿನ ಹಳೆಯ ನೋಂದಣಿ ದಿನಾಂಕ ಹಾಗೇ ಉಳಿಯುತ್ತದೆ. ಹೆಸರಿನ ವ್ಯಾಪಾರ ಮಾಡುವವರಿಗೆ ಇದು ಮುಖ್ಯ, ಬೀಜ ಹಂಚುವ ನಮಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಒಂದು ಷರತ್ತು ಮಾತ್ರ ಇದೆ: ಹಳೆಯ ಮಾಲೀಕರಿಗೆ ಗಡುವು ಇನ್ನೂ ಮುಗಿದಿರದಿದ್ದರೆ, ನೀವು ಹರಾಜಿನಲ್ಲಿ ಗೆದ್ದ ಮೇಲೂ ಅವರು ಬಂದು ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದು. ಆಗ ನಿಮ್ಮ ಹಣ ವಾಪಸ್.

ಆರಂಭದ ಬೆಲೆ ಎರಡು ಮೂರು ಸಾವಿರ ರೂಪಾಯಿ ಮಾತ್ರ. ಬೇರೆ ಯಾರೂ ಕೂಗಿರಲಿಲ್ಲ. ನನಗೆ ಬೆರಳು ತುರಿಸುತ್ತಿತ್ತು. ಮೇಷ್ಟ್ರು ಒಪ್ಪಲಿಲ್ಲ. “ಅವರಿಗೆ ಬಿಡಿಸಿಕೊಳ್ಳೋ ಅವಕಾಶ ಇನ್ನೂ ಇದೆ ಅಂತ ನೀನೇ ಹೇಳ್ತೀಯ. ಅವರ ಗಡುವು ಮುಗೀಲಿ. ಆಮೇಲೆ ಸಿಕ್ಕಿದರೆ ತಗೊಳ್ಳೋಣ.”

“ಅಷ್ಟರಲ್ಲಿ ಬೇರೆ ಯಾರಾದರೂ ಹೊಡ್ಕೊಂಡು ಹೋದರೆ ಮೇಷ್ಟ್ರೇ?”

“ಹೋಗಲಿ ಬಿಡು. ಇನ್ನೊಂದು ಹೆಸರು ಹುಡುಕಿದರಾಯ್ತು.”

ಹಠಕ್ಕೆ ಬಿದ್ದು ಆರಿಸಿದ ಹೆಸರನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುವುದನ್ನು ನೋಡಿ ನನಗೆ ಆಶ್ಚರ್ಯವಾಯಿತು. ವ್ಯವಹಾರದ ದೃಷ್ಟಿಯಿಂದ ಅದು ದುಬಾರಿ ನಿರ್ಧಾರ, ಇವತ್ತಿಗೂ ನಾನು ಹಾಗೇ ಹೇಳುತ್ತೇನೆ. ನಿಮಗೆ ಹೆಸರು ಬೇಕೇ ಬೇಕು ಅಂತಿದ್ದರೆ ಹರಾಜಿನ ಹಂತವೇ ಒಳ್ಳೆಯದು. ಎದುರಾಳಿ ಇಲ್ಲದ ಹರಾಜು ಎಲ್ಲಕ್ಕಿಂತ ಅಗ್ಗ. ಆದರೆ ದುಡ್ಡು ಗುಂಪಿನದ್ದು, ಮಾತು ಹಿರಿಯರದ್ದು. ಹರಾಜು ಯಾರೂ ಕೂಗದೆ ಮುಗಿಯಿತು. ಕೆಲವೇ ದಿನಗಳಲ್ಲಿ ಆರ್‌ಡಿಎಪಿಯ ಸಾಲು ಬದಲಾಗಿ ‘ರಿಡೆಂಪ್ಶನ್ ಪೀರಿಯಡ್’ ಅಂತ ಬಂತು.

ಇದು 30 ದಿನದ ಹಂತ. ರಿಜಿಸ್ಟ್ರಾರ್ ಹೆಸರನ್ನು ಅಳಿಸಲು ಹೇಳಿ ಆಗಿದೆ, ಹಳೆಯ ಮಾಲೀಕರು ಮಾತ್ರ ದಂಡ ಕಟ್ಟಿ ಬದುಕಿಸಿಕೊಳ್ಳಬಹುದು. ದಂಡ ಕಡಿಮೆಯಲ್ಲ. ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವಿದ್ದರೂ 80 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೇಳುವುದು ಮಾಮೂಲು, ನವೀಕರಣದ ಹಣ ಬೇರೆ. ಡಾಟ್ ಕಾಮ್ ಹೆಸರೊಂದಕ್ಕೆ ರಿಜಿಸ್ಟ್ರಿ ರಿಜಿಸ್ಟ್ರಾರ್‌ಗೆ ಹಾಕುವ ವಾರ್ಷಿಕ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯಿತು ಅನ್ನುವುದನ್ನು ನೆನಪಿಟ್ಟುಕೊಂಡರೆ, ಈ ದಂಡ ಎಷ್ಟು ಭಾರ ಅಂತ ಗೊತ್ತಾಗುತ್ತದೆ. ಇದು ಮುಗಿದ ಮೇಲೆ ‘ಪೆಂಡಿಂಗ್ ಡಿಲೀಟ್’, ಐದು ದಿನ. ಆ ಐದು ದಿನ ಯಾರೂ ಏನೂ ಮಾಡುವಂತಿಲ್ಲ. ಹಳೆಯ ಮಾಲೀಕರು ಎಷ್ಟು ದುಡ್ಡು ಹಿಡಿದುಕೊಂಡು ಬಂದರೂ ಆಗುವುದಿಲ್ಲ.

ಈ ಬಿಡುವಿನಲ್ಲಿ ನಾನು ಟ್ರೇಡ್‌ಮಾರ್ಕ್ ವಿಷಯ ನೋಡಿ ಮುಗಿಸಿದೆ. ಹೆಸರು ಖಾಲಿ ಬಿದ್ದ ಮಾತ್ರಕ್ಕೆ ಕಾನೂನಿನ ಹಕ್ಕು ಖಾಲಿಯಾಗುವುದಿಲ್ಲ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಇದೆ ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2004ರಲ್ಲಿ, ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ಮೊಕದ್ದಮೆಯಲ್ಲಿ. ಆ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಅಲ್ಲಿ ಸತ್ಯಂ ಪರ ತಡೆಯಾಜ್ಞೆ, ಕರ್ನಾಟಕ ಹೈಕೋರ್ಟಿನಲ್ಲಿ ಅದು ತಿರುಗಿ, ದೆಹಲಿಯಲ್ಲಿ ಮತ್ತೆ ಸತ್ಯಂ ಗೆದ್ದಿತು. ಡಾಟ್ ಕಾಮ್‌ಗೆ ಕೋರ್ಟಿಗೆ ಹೋಗದೆ ದೂರು ಕೊಡುವ ಯುಡಿಆರ್‌ಪಿ ಅನ್ನುವ ವ್ಯವಸ್ಥೆ 1999ರಿಂದ ಇದೆ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಇದೆ. ಇನ್ನೊಬ್ಬರ ಬ್ರಾಂಡ್ ಹೆಸರನ್ನು ಕಾದು ಹಿಡಿದು, ಅವರಿಗೇ ಮಾರಲು ಹೊರಟವರು ಅಲ್ಲಿ ಸೋಲುವುದೇ ಹೆಚ್ಚು. ನಮ್ಮ ಹೆಸರಿನಲ್ಲಿದ್ದದ್ದು ಎರಡು ಸಾಮಾನ್ಯ ಪದ. ಭಾರತದ ಟ್ರೇಡ್‌ಮಾರ್ಕ್ ಹುಡುಕಾಟದ ಪುಟದಲ್ಲಿ ಅದನ್ನು ಹೋಲುವ ನೋಂದಣಿ ಕಾಣಲಿಲ್ಲ.

ಇನ್ನು ಹಿಡಿಯುವ ಕೆಲಸ. ಪೆಂಡಿಂಗ್ ಡಿಲೀಟ್ ಮುಗಿದ ಹೆಸರು ಬೀಳುವ ಕ್ಷಣಕ್ಕೆ ನಾನು ಲ್ಯಾಪ್‌ಟಾಪ್ ಮುಂದೆ ಕೂತು ರಿಫ್ರೆಶ್ ಒತ್ತುತ್ತಾ ಹಿಡಿಯಬಹುದೇ? ಯಾರಿಗೂ ಬೇಡದ ಹೆಸರಾದರೆ ಹಿಡಿಯಬಹುದು. ಒಬ್ಬರಿಗಾದರೂ ಬೇಕಿದ್ದರೆ ಸಾಧ್ಯವಿಲ್ಲ. ಡ್ರಾಪ್‌ಕ್ಯಾಚ್, ಸ್ನ್ಯಾಪ್‌ನೇಮ್ಸ್, ನೇಮ್‌ಜೆಟ್ ಅಂತ ಇದಕ್ಕೆಂದೇ ಕಂಪನಿಗಳಿವೆ. ಒಂದು ರಿಜಿಸ್ಟ್ರಾರ್‌ಗೆ ರಿಜಿಸ್ಟ್ರಿಯ ಜೊತೆ ಇಷ್ಟೇ ಸಂಪರ್ಕ ಅಂತ ಮಿತಿ ಇರುವುದರಿಂದ, ಇವರಲ್ಲಿ ಕೆಲವರು ಒಂದು ರಿಜಿಸ್ಟ್ರಾರ್ ಮಾನ್ಯತೆ ಸಾಲದು ಅಂತ ನೂರಾರು ಮಾನ್ಯತೆ ಪಡೆದಿದ್ದಾರೆ. ಐಕ್ಯಾನ್‌ನ ಮಾನ್ಯತೆ ಪಡೆದವರ ಪಟ್ಟಿ ತೆರೆದರೆ ಡ್ರಾಪ್‌ಕ್ಯಾಚ್ ಹೆಸರಿನ ಮುಂದೆ ಸಂಖ್ಯೆ ಹಾಕಿಕೊಂಡ ಕಂಪನಿಗಳು ಪುಟಗಟ್ಟಲೆ ಬರುತ್ತವೆ. ಎಲ್ಲ ಒಂದೇ ಮನೆಯವು. ಹೆಸರು ಬಿದ್ದ ಕೂಡಲೇ ಅಷ್ಟೂ ಬಾಗಿಲಿನಿಂದ ಒಟ್ಟಿಗೆ ‘ನನಗೆ, ನನಗೆ’ ಅಂತ ಕೋರಿಕೆ ಹೋಗುತ್ತದೆ. ನಿಯಮದ ಒಳಗೇ ನಡೆಯುವ ಆಟ, ಆದರೂ ಮೊದಲು ಬಂದವರಿಗೆ ಮೊದಲು ಅನ್ನುವ ಮಾತು ಇಲ್ಲಿ ಬಾಯುಪಚಾರಕ್ಕೆ ಮಾತ್ರ ಉಳಿದಿದೆ.

ನಾವು ಮಾಡಬೇಕಾದ್ದು ಬ್ಯಾಕ್‌ಆರ್ಡರ್. ‘ಈ ಹೆಸರು ಸಿಕ್ಕರೆ ನಮಗೆ ಬೇಕು’ ಅಂತ ಮುಂಚೆಯೇ ಹೇಳಿಡುವುದು. ಹಿಡಿದು ಕೊಟ್ಟರೆ ಮಾತ್ರ ದುಡ್ಡು, ಇಲ್ಲದಿದ್ದರೆ ಇಲ್ಲ ಅನ್ನುವ ಕಡೆಗಳಲ್ಲೇ ಹಾಕಿದೆ. ಮುಂಗಡ ಕೇಳುವವರನ್ನು ಬಿಟ್ಟೆ. ಒಂದೇ ಕಡೆ ಹಾಕಬಾರದು, ಯಾರು ಹಿಡಿಯುತ್ತಾರೆ ಅಂತ ಹೇಳಲಾಗುವುದಿಲ್ಲ. ಒಂದು ಕಂಪನಿಯಲ್ಲಿ ನೀವೊಬ್ಬರೇ ಹಾಕಿದ್ದರೆ 60–80 ಡಾಲರ್ ಆಸುಪಾಸಿನ ಮೂಲ ಬೆಲೆಗೆ ಸಿಗುತ್ತದೆ. ಇಬ್ಬರಿದ್ದರೆ ಅವರಿಬ್ಬರ ನಡುವೆ ಹರಾಜು.

ಕಾರ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ವಿದೇಶಿ ಕಂಪನಿಗೆ ಕಟ್ಟಬೇಕಾದ್ದರಿಂದ ಬ್ಯಾಂಕಿನ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ವಹಿವಾಟನ್ನು ತೆರೆದಿಟ್ಟಿರಬೇಕು. ಗೆದ್ದ ಮೇಲೆ ಪಾವತಿಗೆ ಸಿಗುವ ಸಮಯ ಕಡಿಮೆ, ಕಟ್ಟದಿದ್ದರೆ ಖಾತೆಯನ್ನೇ ಮುಚ್ಚುತ್ತಾರೆ. ವಿನಿಮಯ ದರದ ಮೇಲೆ ಬ್ಯಾಂಕಿನ ಹೆಚ್ಚುವರಿ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಾಟ್ ಕಾಮ್ ಹೆಸರುಗಳು ಬೀಳುವುದು ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ ಎರಡು ಗಂಟೆಗೆ ಶುರು. ಅವರ ಬೇಸಿಗೆಯ ಗಡಿಯಾರ ನಡೆಯುವಾಗ ನಮಗೆ ರಾತ್ರಿ ಹನ್ನೊಂದೂವರೆ, ಅವರ ಗಡಿಯಾರ ಹಿಂದಕ್ಕೆ ಹೋದ ಮೇಲೆ ಹನ್ನೆರಡೂವರೆ. ಅವತ್ತು ಬೀಳಬೇಕಾದ ಸಾವಿರಾರು ಹೆಸರುಗಳಲ್ಲಿ ನಮ್ಮದು ಯಾವ ನಿಮಿಷಕ್ಕೆ ಬೀಳುತ್ತದೆ ಅಂತ ಗೊತ್ತಿರುವುದಿಲ್ಲ. ನೋಡುವುದಕ್ಕೆ ಏನೂ ಇಲ್ಲದಿದ್ದರೂ ನಾನು ಎದ್ದಿದ್ದೆ. ಸ್ಥಿತಿಯ ಸಾಲು ಪೆಂಡಿಂಗ್ ಡಿಲೀಟ್, ಪೆಂಡಿಂಗ್ ಡಿಲೀಟ್ ಅಂತಲೇ ಇತ್ತು. ಒಮ್ಮೆ ಒತ್ತಿದಾಗ ಅವತ್ತಿನದೇ ನೋಂದಣಿ ದಿನಾಂಕದ ಹೊಸ ದಾಖಲೆ ಬಂತು. ನಡುವೆ ‘ಖಾಲಿ ಇದೆ’ ಅನ್ನುವ ಸ್ಥಿತಿಯನ್ನು ನನ್ನ ಕಣ್ಣು ಕಾಣಲೇ ಇಲ್ಲ. ಆಮೇಲೆ ಮೇಲ್ ಬಂತು: ಹೆಸರು ಹಿಡಿದಿದ್ದೇವೆ, ನಿಮ್ಮ ಜೊತೆ ಇನ್ನೊಬ್ಬರು ಕೋರಿದ್ದಾರೆ, ಹರಾಜು ಮೂರು ದಿನ.

ಆ ಇನ್ನೊಬ್ಬರು ಯಾರು ಅಂತ ತಿಳಿಯುವುದಿಲ್ಲ, ಒಂದು ಅಡ್ಡಹೆಸರು ಕಾಣುತ್ತದೆ ಅಷ್ಟೆ. ಮಲೆನಾಡಿನ ಅಡುಗೆಯ ಹಳೆಯ ಹೆಸರು ಯಾರಿಗೆ ಬೇಕಿತ್ತೋ. ಬಹುಶಃ ಆ ಅಕ್ಷರಗಳು ಬೇರೆ ಯಾವುದೋ ಭಾಷೆಯಲ್ಲಿ ಇನ್ನೇನೋ ಅರ್ಥ ಕೊಡುತ್ತಿರಬೇಕು, ಇಲ್ಲವೇ ಹಳೆಯ ಕೊಂಡಿಗಳು ಹೆಚ್ಚಿರುವ ಹೆಸರುಗಳನ್ನು ಯಂತ್ರದಿಂದ ಸೋಸಿ ಸಗಟಾಗಿ ಹಿಡಿಯುವವರಿರಬೇಕು. ಮೇಷ್ಟ್ರಿಗೆ ಫೋನ್ ಮಾಡಿದೆ. 200 ಡಾಲರ್‌ಗಿಂತ ಒಂದು ಕಾಸೂ ಮೇಲೆ ಹೋಗುವುದು ಬೇಡ ಅಂತ ತೀರ್ಮಾನವಾಯಿತು.

ಇಂಥ ಹರಾಜಿನಲ್ಲಿ ನಿಮ್ಮ ಗರಿಷ್ಠ ಬೆಲೆಯನ್ನು ಒಮ್ಮೆ ಬರೆದರೆ, ಎದುರಾಳಿ ಏರಿಸಿದಾಗಷ್ಟೇ ವ್ಯವಸ್ಥೆ ನಿಮ್ಮ ಪರವಾಗಿ ಸ್ವಲ್ಪ ಸ್ವಲ್ಪ ಏರಿಸುತ್ತದೆ. ಮೊದಲ ದಿನವೇ ಬರೆದರೆ ಎದುರಿನವರಿಗೆ ತಡವಿ ನೋಡಲು ಸಮಯ ಸಿಗುತ್ತದೆ. ಆದ್ದರಿಂದ ಕೊನೆಯ ಗಂಟೆಯವರೆಗೆ ಸುಮ್ಮನಿದ್ದೆ. ಕೊನೆಯ ನಿಮಿಷಗಳಲ್ಲಿ ಕೂಗಿದರೆ ಹರಾಜು ಇನ್ನಷ್ಟು ನಿಮಿಷ ಮುಂದಕ್ಕೆ ಹೋಗುತ್ತದೆ, ಕದ್ದು ಹೊಡೆಯುವ ಉಪಾಯ ನಡೆಯುವುದಿಲ್ಲ. ಎದುರಾಳಿ ಎರಡು ಸಲ ಏರಿಸಿ, 131 ಡಾಲರ್‌ಗೆ ನಾವು ಮುಂದಿದ್ದಾಗ ಸುಮ್ಮನಾದರು. ಬ್ಯಾಂಕಿನ ಶುಲ್ಕ ಸೇರಿ ಹನ್ನೊಂದೂವರೆ ಸಾವಿರದ ಮೇಲಾಯಿತು. ಹರಾಜಿನ ಹಂತದಲ್ಲಿ ಮೂರು ಸಾವಿರಕ್ಕೆ ಸಿಗುತ್ತಿದ್ದದ್ದು. ಈ ಲೆಕ್ಕ ಹೇಳಿದಾಗ ಮೇಷ್ಟ್ರು, “ಹೂಂ” ಅಂದರು. ಅಷ್ಟೆ.

ಹೆಸರು ಹಿಡಿದ ಕಂಪನಿಯ ರಿಜಿಸ್ಟ್ರಾರ್ ಖಾತೆಗೇ ಅದು ಬರುತ್ತದೆ. ಹೊಸ ನೋಂದಣಿಯಾದ್ದರಿಂದ ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ತೊಂದರೆಯೇನಿಲ್ಲ, ಹೆಸರು ಯಾವ ಕಂಪ್ಯೂಟರಿಗೆ ಹೋಗಬೇಕು ಅಂತ ತಿಳಿಸುವ ನೇಮ್‌ಸರ್ವರ್ ಬದಲಿಸಿ ಸೈಟನ್ನು ಆಗಲೇ ಶುರುಮಾಡಬಹುದು. ನಾನು ಸೈಟಿಗಿಂತ ಮೊದಲು ಮೇಲ್‌ನ ವಿಷಯ ಯೋಚಿಸಿದೆ. ಒಂದು ಡೊಮೇನ್ ಕೈಗೆ ಬಂದರೆ ಆ ಹೆಸರಿಗೆ ಬರುವ ಎಲ್ಲ ಮೇಲ್ ಓದುವ ಶಕ್ತಿಯೂ ಬರುತ್ತದೆ. ಹಳೆಯ ಮಾಲೀಕರು ಆ ವಿಳಾಸವನ್ನು ಬ್ಯಾಂಕಿಗೋ ತೆರಿಗೆಯ ಖಾತೆಗೋ ಕೊಟ್ಟಿದ್ದರೆ, ಪಾಸ್‌ವರ್ಡ್ ಬದಲಿಸುವ ಕೊಂಡಿ ಹೊಸ ಮಾಲೀಕರ ಕೈಗೇ ಬೀಳುತ್ತದೆ. ಡಾಟ್ ಮೊಬಿ ರಿಜಿಸ್ಟ್ರಿ ಒಂದು ಕಾಲಕ್ಕೆ ತನ್ನ ಹೂಈಸ್ ಸರ್ವರ್‌ಗೆ ಬಳಸುತ್ತಿದ್ದ ಹೆಸರನ್ನು ಬದಲಿಸಿ, ಹಳೆಯದು 2023ರ ಡಿಸೆಂಬರ್‌ನಲ್ಲಿ ಸತ್ತುಹೋಗಲು ಬಿಟ್ಟಿತ್ತು. ವಾಚ್‌ಟವರ್ ಅನ್ನುವ ಭದ್ರತಾ ಸಂಶೋಧಕರು 2024ರಲ್ಲಿ ಅದನ್ನು 20 ಡಾಲರ್‌ಗೆ ಕೊಂಡು ಸರ್ವರ್ ಹಾಕಿದರೆ, ಕೆಲವೇ ದಿನದಲ್ಲಿ 1.35 ಲಕ್ಷಕ್ಕೂ ಹೆಚ್ಚು ಯಂತ್ರಗಳು ಬಂದು ಅದನ್ನೇ ಅಸಲಿ ಅಂತ ನಂಬಿ ವಿಚಾರಿಸಿದವು. ಸರ್ಕಾರ, ಸೈನ್ಯಗಳ ಸರ್ವರ್‌ಗಳೂ ಅದರಲ್ಲಿದ್ದವು.

ಆದ್ದರಿಂದ ಯಾವ ವಿಳಾಸಕ್ಕೆ ಬಂದರೂ ನಮಗೆ ತಲುಪುವ ‘ಕ್ಯಾಚ್ ಆಲ್’ ವ್ಯವಸ್ಥೆ ಹಾಕಲಿಲ್ಲ. ಮೇಲ್ ಪೂರ್ತಿ ಮುಚ್ಚಿಟ್ಟು, ಅಡುಗೆ ಸೈಟಿನ ಒಡತಿಯನ್ನು ಹುಡುಕಲು ಶುರುಮಾಡಿದೆವು. ಕಂಪ್ಯೂಟರ್ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಹಳೆಯ ಪುಟವೊಂದರಲ್ಲಿ ಅವರು ತಮ್ಮ ತವರಿನ ಪಕ್ಕದ ಜಾತ್ರೆಯೊಂದನ್ನು ನೆನೆಸಿಕೊಂಡಿದ್ದರು. ಆ ಊರಿನಲ್ಲಿ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ಇರದೆ ಇರುತ್ತಾರೆಯೇ. ಒಬ್ಬರಿಂದ ಒಬ್ಬರಿಗೆ ಫೋನು ಹೋಗಿ, ಕೊನೆಗೆ ಅವರೇ ನನಗೆ ಕರೆ ಮಾಡಿದರು. ಈಗ ಬೇರೆ ರಾಜ್ಯದಲ್ಲಿದ್ದಾರೆ.

“ನಾನು ಆಟೋ ರಿನ್ಯೂ ಹಾಕಿದ್ದೆ ಸರ್. ಪ್ರತಿ ವರ್ಷ ತಾನಾಗಿ ಕಟ್ ಆಗ್ತಿತ್ತು.”

ಅದು ಯಾಕೆ ನಿಂತಿತು ಅನ್ನುವುದು ಭಾರತದಲ್ಲಿ ಡೊಮೇನ್ ಇಟ್ಟುಕೊಂಡ ಎಲ್ಲರಿಗೂ ಬೇಕಾದ ಮಾತು. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ ಹಾಕಿದ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಗ್ರಾಹಕರು ಮೊದಲೇ ಇ-ಮ್ಯಾಂಡೇಟ್ ನೋಂದಾಯಿಸಿ ಒಪ್ಪಿಗೆ ಕೊಟ್ಟಿರದಿದ್ದರೆ ಕಡಿತ ಆಗುವುದಿಲ್ಲ. ಆ ವ್ಯವಸ್ಥೆಗೆ ಸೇರದ ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ‘ಆಟೋ ರಿನ್ಯೂ ಆನ್’ ಅಂತ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಹಣ ಮಾತ್ರ ಹೋಗುವುದಿಲ್ಲ. ಈಕೆ ಹಿಂದೊಮ್ಮೆ ಕೆಲವು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದರಿಂದ ತಡವಾಗಿ ಪೆಟ್ಟು ಬಿತ್ತು. ಸೂಚನೆಗಳೆಲ್ಲ ಹೋದದ್ದು ಅದೇ ಡೊಮೇನಿನ ವಿಳಾಸಕ್ಕೆ. ಅದರ ಮೇಲ್ ಸೇವೆಯನ್ನು ಅವರು ಯಾವಾಗಲೋ ತೆರೆದು ನೋಡುವುದನ್ನೇ ಬಿಟ್ಟಿದ್ದರು.

ಹೆಸರನ್ನು ವಾಪಸ್ ಕೊಡಬೇಕಾ ಅಂತ ನಾನೇ ಕೇಳಿದೆ. ಮೇಷ್ಟ್ರು ಮೊದಲೇ ಹಾಗೆ ಹೇಳಿಟ್ಟಿದ್ದರು. ಆಕೆ ನಕ್ಕರು. “ಬೇಡ ಸರ್, ಬರೆದು ಎಷ್ಟು ವರ್ಷ ಆಯ್ತು. ಬೀಜಕ್ಕೆ ಅಂದರೆ ನೀವೇ ಇಟ್ಕೊಳ್ಳಿ. ಆದರೆ ಆ ಮೇಲ್ ವಿಳಾಸ ಎರಡು ಮೂರು ಕಡೆ ಕೊಟ್ಟಿದ್ದೀನಿ ಅಂತ ನೆನಪು.” ಅವರ ಆ ಒಂದು ವಿಳಾಸಕ್ಕೆ ಬರುವುದನ್ನೆಲ್ಲ ನೇರವಾಗಿ ಅವರ ಈಗಿನ ವಿಳಾಸಕ್ಕೆ ಹೋಗುವಂತೆ ಮಾಡಿದೆ, ನಮ್ಮ ಕಡೆ ಪ್ರತಿ ಉಳಿಯದ ಹಾಗೆ. ಹಳೆಯ ಖಾತೆಗಳನ್ನೆಲ್ಲ ಬದಲಿಸಿಕೊಂಡ ಮೇಲೆ ಅವರೇ ಹೇಳಿ ಅದನ್ನು ಮುಚ್ಚಿಸಿದರು. ಎಲ್ಲೋ ಒಂದು ಕಡೆ ಬದಲಿಸುವುದು ಉಳಿದಿದ್ದರೂ ಇರಬಹುದು, ಅದಕ್ಕೇ ಹೆಸರನ್ನು ಇಲ್ಲಿ ಬರೆಯಲಿಲ್ಲ. ಅವರ ಹಳೆಯ ಅಡುಗೆ ಬರಹಗಳನ್ನು ವೇಬ್ಯಾಕ್‌ನಿಂದ ಇಳಿಸಿ ಅವರಿಗೆ ಕಳಿಸಿದೆ. ಕಳಲೆ, ಕೆಸುವಿನ ಪುಟಗಳನ್ನು ಅವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ನಮ್ಮ ಸೈಟಿನಲ್ಲಿ ಹಳೆಯ ವಿಳಾಸದಲ್ಲೇ ಉಳಿಸಿದ್ದೇವೆ. ಈಗಲೂ ಹುಡುಕಿಕೊಂಡು ಬರುವವರಿದ್ದಾರೆ, ಬಂದವರಲ್ಲಿ ಕೆಲವರು ಕೆಸುವಿನ ಗೆಡ್ಡೆ ಸಿಗುತ್ತಾ ಅಂತ ಕೇಳುತ್ತಾರೆ.

ನಮ್ಮ ನೋಂದಣಿಯ ಸಂಪರ್ಕ ವಿಳಾಸಕ್ಕೆ ಬೇರೆ ಮೇಲ್ ಕೊಟ್ಟಿದ್ದೇವೆ, ಆ ಡೊಮೇನಿನದ್ದಲ್ಲ. ಒಂದು ಹೆಸರನ್ನು ಹೆಚ್ಚೆಂದರೆ ಹತ್ತು ವರ್ಷದವರೆಗೆ ಮುಂಗಡ ಕಟ್ಟಿ ಇಟ್ಟುಕೊಳ್ಳಬಹುದು. ಐದು ವರ್ಷಕ್ಕೆ ಕಟ್ಟಿದೆವು. ಲಾಗಿನ್ ನನ್ನೊಬ್ಬನ ಹತ್ತಿರವೇ ಇರುವುದು ಬೇಡ ಅಂತ ಗುಂಪಿನ ಇನ್ನಿಬ್ಬರಿಗೂ ಕೊಟ್ಟೆ. ಮೇಷ್ಟ್ರು ಮುಗಿಯುವ ದಿನಾಂಕವನ್ನು ಗುಂಪಿನ ಜಮಾಖರ್ಚಿನ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದರು.

ಬರೆದು ಮುಗಿಸಿ ಕೇಳಿದರು, “ಇದನ್ನ ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿದರೆ ಬರಲ್ವೇನಪ್ಪಾ?” ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಹೆಸರು ಕೊಡುವ ವ್ಯವಸ್ಥೆಯನ್ನು, ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿಯೇ ನಡೆಸುತ್ತದೆ. ಅಲ್ಲೇ ಕೂತು ನೋಡಿದೆ. ಖಾಲಿ ಇತ್ತು. ಹರಾಜಿಲ್ಲ, ಬ್ಯಾಕ್‌ಆರ್ಡರ್ ಇಲ್ಲ, ಮಾಮೂಲಿ ಬೆಲೆ. ಅದನ್ನೂ ತೆಗೆದುಕೊಂಡು ಡಾಟ್ ಕಾಮ್‌ಗೆ ಜೋಡಿಸಿದ್ದೇವೆ. ಕೆಲವು ಕಡೆ ಅಂಟಿಸಿದರೆ ಎಕ್ಸ್‌ಎನ್ ಅಂತ ಶುರುವಾಗುವ ಓದಲಾಗದ ಅಕ್ಷರಗಳ ಸಾಲಾಗಿ ಬದಲಾಗುತ್ತದೆ, ಆ ವಿಳಾಸದ ಮೇಲನ್ನು ಒಪ್ಪದ ಫಾರ್ಮ್‌ಗಳೂ ಇವೆ. ಬೀಜದ ಪೊಟ್ಟಣದ ಮೇಲೆ ಮಾತ್ರ ಮೇಷ್ಟ್ರು ಅದನ್ನೇ ಅಚ್ಚು ಹಾಕಿಸಿದ್ದಾರೆ.